ಬಾಟಲಿಯ ಮಾತು ನಂಬುವ ಮೊದಲು ನಮ್ಮ ನೆಲದಲ್ಲಿ ಪರೀಕ್ಷೆ ನಡೆಯಲಿ: ಭತ್ತದ ಬೇರಿನೊಳಗಿನ ಬ್ಯಾಕ್ಟೀರಿಯಾ ಕುರಿತು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕುಲಪತಿಗಳು, ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ, ರಾಯಚೂರು
ಮತ್ತು ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಕೃಷಿ ಇಲಾಖೆಯ ಜಂಟಿ ನಿರ್ದೇಶಕರು

ಮಾನ್ಯರೇ,

ನಾನು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸಿಂಧನೂರು ತಾಲ್ಲೂಕಿನ ರೈತ. ಪದವಿಯಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳ ಬಗ್ಗೆ ಓದಿದವನಾದ್ದರಿಂದ ಆ ಕ್ಷೇತ್ರದ ಸಂಶೋಧನೆಯನ್ನು ಇಂದಿಗೂ ಕುತೂಹಲದಿಂದ ಗಮನಿಸುತ್ತೇನೆ. ಪೈರಿನ ಬೇರು, ಕಾಂಡ, ಎಲೆಗಳ ಒಳಗೇ ನೆಲೆಸಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾಗಳ ಮಾತು ಈಗ ನಮ್ಮ ಕಡೆಯ ಗೊಬ್ಬರದ ಅಂಗಡಿಗಳಿಗೂ ಬಂದಿದೆ. 'ಇದನ್ನು ಹೊಡೆದರೆ ಯೂರಿಯಾ ಅರ್ಧ ಸಾಕು' ಎಂದು ಬಾಟಲಿ ಮುಂದಿಡುವ ವ್ಯಾಪಾರಿಯ ಕೈಯಲ್ಲಾಗಲಿ, 'ಇವೆಲ್ಲ ಬಣ್ಣದ ನೀರು' ಎಂದು ತಳ್ಳಿಹಾಕುವ ರೈತನ ಕೈಯಲ್ಲಾಗಲಿ, ನಮ್ಮ ಎರೆ ಭೂಮಿಯಲ್ಲಿ, ನಮ್ಮ ತಳಿಯ ಮೇಲೆ, ನಮ್ಮ ಬಿಸಿಲಿನಲ್ಲಿ ನಡೆದ ಪರೀಕ್ಷೆಯ ಅಂಕಿ ಇರುವುದಿಲ್ಲ. ಆ ಅಂಕಿಯನ್ನು ರೈತರ ಕೈಗೆ ತಲುಪಿಸುವ ಕೆಲಸ ತಮ್ಮದು. ಅದನ್ನು ಯಾವ ಬಗೆಯಲ್ಲಿ ಮಾಡಿದರೆ ನಂಬಲು ಅರ್ಹವಾಗುತ್ತದೆ ಎಂಬುದನ್ನು ವಿವರವಾಗಿ ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ಗಾಳಿಯಲ್ಲಿ ಶೇ 78ರಷ್ಟು ಸಾರಜನಕವಿದ್ದರೂ ಅದರ ಎರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿದುಕೊಂಡಿರುವುದರಿಂದ ಯಾವ ಪೈರೂ ಅದನ್ನು ನೇರವಾಗಿ ಬಳಸಲಾರದು. ಗೊಬ್ಬರದ ಕಾರ್ಖಾನೆ ಈ ಬಂಧವನ್ನು ಬಿಡಿಸಲು 400 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಉಷ್ಣತೆ ಮತ್ತು ವಾತಾವರಣಕ್ಕಿಂತ ನೂರಾರು ಪಟ್ಟು ಹೆಚ್ಚಿನ ಒತ್ತಡವನ್ನು ಬಳಸುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಅದೇ ಕೆಲಸವನ್ನು ನೈಟ್ರೋಜಿನೇಸ್ ಎಂಬ ಕಿಣ್ವದಿಂದ ಹೊಲದ ಸಾಮಾನ್ಯ ಉಷ್ಣತೆಯಲ್ಲೇ ಮಾಡಿ ಮುಗಿಸುತ್ತವೆ. ತೊಗರಿ, ಶೇಂಗಾ, ಕಡಲೆಗಳ ಬೇರುಗಂಟಿನಲ್ಲಿರುವ ರೈಜೋಬಿಯಂ ಇವುಗಳಲ್ಲಿ ಎಲ್ಲರಿಗೂ ಪರಿಚಿತವಾದುದು. ಬೇರುಗಂಟು ಈ ಬ್ಯಾಕ್ಟೀರಿಯಾಗಳಿಗೆಂದೇ ಗಿಡ ಕಟ್ಟಿಕೊಟ್ಟ ಮನೆ. ನೈಟ್ರೋಜಿನೇಸನ್ನು ಕೆಡಿಸುವ ಆಮ್ಲಜನಕವನ್ನು ಹತೋಟಿಯಲ್ಲಿಡುವ ಕೆಂಪು ಪ್ರೋಟೀನ್ ಕೂಡ ಅಲ್ಲಿರುತ್ತದೆ. ಭತ್ತ, ಜೋಳ, ಕಬ್ಬು, ಮೆಕ್ಕೆಜೋಳಗಳಲ್ಲಿ ಅಂಥ ಏರ್ಪಾಡಿಲ್ಲ. ಈ ಪತ್ರದ ವಸ್ತುವಾದ ಅಂತರ್ವಾಸಿ ಬ್ಯಾಕ್ಟೀರಿಯಾಗಳು ಪಾರ್ಶ್ವ ಬೇರು ಹೊರಡುವಾಗ ಉಂಟಾಗುವ ಸಣ್ಣ ಬಿರುಕುಗಳ ಮೂಲಕ ಒಳನುಗ್ಗಿ, ಜೀವಕೋಶಗಳ ನಡುವಣ ಸಂದುಗಳಲ್ಲಿಯೂ ನೀರು ಸಾಗಿಸುವ ನಾಳಗಳಲ್ಲಿಯೂ ಗಂಟು ಕಟ್ಟದೆ, ರೋಗವನ್ನೂ ತರದೆ ಬದುಕುತ್ತವೆ.

ಇದು ನಿನ್ನೆ ಮೊನ್ನೆ ಯಾವುದೋ ಕಂಪನಿ ಕಂಡುಹಿಡಿದ ಸಂಗತಿಯಲ್ಲ. ಈ ವಿಜ್ಞಾನದ ಬಹುಪಾಲು ಬ್ರೆಜಿಲ್‌ನ ಸರ್ಕಾರಿ ಕೃಷಿ ಸಂಶೋಧನೆಯಿಂದ ಬಂದುದು. ರಿಯೊ ಡಿ ಜನೈರೊ ಸಮೀಪದ ಸೆರೊಪೆಡಿಕಾದಲ್ಲಿ ಕೆಲಸ ಮಾಡಿದ ಜೊಹಾನ್ನಾ ಡೋಬರೈನರ್ 1970ರ ದಶಕದಲ್ಲಿ ಹುಲ್ಲು ಜಾತಿಯ ಬೆಳೆಗಳ ಬೇರಿನಲ್ಲಿರುವ ಅಜೋಸ್ಪಿರಿಲಮ್ ಎಂಬ ಬ್ಯಾಕ್ಟೀರಿಯಾದ ಕಡೆಗೆ ವಿಜ್ಞಾನಿಗಳ ಗಮನ ಸೆಳೆದರು. ಅವರ ತಂಡ 1980ರ ದಶಕದಲ್ಲಿ ಆ ಊರಿನ ಹೆಸರನ್ನೇ ಹೊತ್ತ ಹರ್ಬಾಸ್ಪಿರಿಲಮ್ ಸೆರೊಪೆಡಿಕೆಯನ್ನು ಗುರುತಿಸಿತು. 1988ರಲ್ಲಿ ಕಬ್ಬಿನ ಒಳಗಿನಿಂದ ಇಂದು ಗ್ಲುಕೊನಾಸಿಟೊಬ್ಯಾಕ್ಟರ್ ಡಯಾಜೋಟ್ರೋಫಿಕಸ್ ಎಂದು ಕರೆಯುವ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ ವರದಿ ಪ್ರಕಟವಾಯಿತು. ಬೇರೆ ಸೂಕ್ಷ್ಮಜೀವಿಗಳು ತಾಳಲಾರದಷ್ಟು ಸಕ್ಕರೆ ಮತ್ತು ಹುಳಿ ಇರುವಲ್ಲಿಯೂ ಅದು ಬೆಳೆಯುತ್ತದೆ. ಅದೇ ದೇಶದ ವಿಜ್ಞಾನಿ ಮರಿಯಾಂಜೆಲಾ ಹಂಗ್ರಿಯಾ ಅವರಿಗೆ 2025ರ ವಿಶ್ವ ಆಹಾರ ಪ್ರಶಸ್ತಿ ದೊರೆತದ್ದು ಸೋಯಾ, ಮೆಕ್ಕೆಜೋಳ ಮುಂತಾದ ಬೆಳೆಗಳಲ್ಲಿ ಇಂಥ ಬ್ಯಾಕ್ಟೀರಿಯಾಗಳನ್ನು ರೈತರ ಹೊಲದವರೆಗೆ ತಂದ ಕೆಲಸಕ್ಕಾಗಿ. ಆ ಯಶಸ್ಸಿನ ಹಿಂದೆ ಹಲವು ದಶಕಗಳ ಕಾಲ ಸರ್ಕಾರಿ ಸಂಸ್ಥೆಗಳು ಊರೂರಿನ ಮಣ್ಣಿನಲ್ಲಿ ನಡೆಸಿದ ಪರೀಕ್ಷಾ ತಾಕುಗಳಿವೆ. ನಮ್ಮಲ್ಲಿ ಬ್ರೆಜಿಲ್‌ನ ಬ್ಯಾಕ್ಟೀರಿಯಾದ ಹೆಸರಷ್ಟೇ ಬಂದಿದೆ, ಆ ತಾಕುಗಳ ಪದ್ಧತಿ ಬಂದಿಲ್ಲ.

ಇನ್ನು ಲೆಕ್ಕಕ್ಕೆ ಬರುತ್ತೇನೆ, ಏಕೆಂದರೆ ಬಾಟಲಿಯ ಮಾತು ಎಡವುವುದು ಅಲ್ಲಿಯೇ. ಒಂದು ಟನ್ ಭತ್ತ ಬೆಳೆಯಲು ಪೈರು ಸುಮಾರು 15ರಿಂದ 20 ಕಿಲೋ ಸಾರಜನಕವನ್ನು ಹೀರಿಕೊಳ್ಳುತ್ತದೆ. ಎಕರೆಗೆ 75 ಕಿಲೋ ತೂಕದ 35 ಚೀಲ ಬಂದರೆ ಅದು 26 ಕ್ವಿಂಟಲ್, ಅಂದರೆ ಪೈರಿಗೆ ಬೇಕಾದದ್ದು 40ರಿಂದ 50 ಕಿಲೋ ಸಾರಜನಕ. ಯೂರಿಯಾದಲ್ಲಿ ಶೇ 46 ಸಾರಜನಕವಿರುವುದರಿಂದ 45 ಕಿಲೋ ಚೀಲವೊಂದು ಒದಗಿಸುವುದು 20.7 ಕಿಲೋ. ತುಂಗಭದ್ರಾ ಅಚ್ಚುಕಟ್ಟಿನ ನೀರಾವರಿ ಭತ್ತಕ್ಕೆ ಶಿಫಾರಸಾದ ಹೆಕ್ಟೇರಿಗೆ 150 ಕಿಲೋ ಸಾರಜನಕವೆಂದರೆ ಎಕರೆಗೆ 60 ಕಿಲೋ, ಹೆಚ್ಚುಕಡಿಮೆ ಮೂರು ಚೀಲ ಯೂರಿಯಾಕ್ಕೆ ಸಮ. ಅಂತರ್ವಾಸಿಗಳು ಪೈರಿನ ಅಗತ್ಯದ ಐದನೇ ಒಂದು ಭಾಗವನ್ನು ಒದಗಿಸಿದರೂ ಅದು ಒಳ್ಳೆಯ ಸಾಧನೆಯೇ. ಆದರೆ ಆ ಐದನೇ ಒಂದು ಭಾಗ ಎಂದರೆ 8ರಿಂದ 10 ಕಿಲೋ, ಅರ್ಧ ಚೀಲಕ್ಕೂ ಕಡಿಮೆ. ಇಂದು ಒಂದು ಚೀಲ ಯೂರಿಯಾ ರೈತನಿಗೆ 266 ರೂಪಾಯಿ 50 ಪೈಸೆಗೆ ಸಿಗುತ್ತಿರುವಾಗ ಇದರಿಂದ ಅವನ ಕೈಯಲ್ಲಿ ಉಳಿಯುವುದು ನೂರಮೂವತ್ತು ರೂಪಾಯಿಯ ಒಳಗೆ. ಆ ನೂರಮೂವತ್ತನ್ನು ಉಳಿಸಲು ನೂರಾರು ರೂಪಾಯಿಯ ಬಾಟಲಿ ಕೊಳ್ಳಿರಿ ಎಂದು ರೈತನಿಗೆ ಹೇಳುವುದು ನ್ಯಾಯವಲ್ಲ.

ಹಾಗಾದರೆ ಈ ವಿಷಯವನ್ನು ಕೈಬಿಡಬೇಕೇ ಎಂದು ಕೇಳಿದರೆ, ಬಿಡಬಾರದು ಎಂಬುದೇ ನನ್ನ ನಿಲುವು. ಯೂರಿಯಾದ ನಿಜವಾದ ಬೆಲೆಯ ಬಹುಪಾಲನ್ನು ಕೇಂದ್ರ ಸರ್ಕಾರ ಸಹಾಯಧನವಾಗಿ ಭರಿಸುತ್ತಿರುವುದರಿಂದ ಉಳಿತಾಯದ ಲಾಭ ಮೊದಲು ಕಾಣುವುದು ರೈತನ ಜೇಬಿನಲ್ಲಲ್ಲ, ಸರ್ಕಾರದ ಲೆಕ್ಕದಲ್ಲಿ. ಗದ್ದೆಗೆ ಹಾಕಿದ ಯೂರಿಯಾದಲ್ಲಿ ಪೈರಿಗೆ ದಕ್ಕುವುದು ಸಾಮಾನ್ಯವಾಗಿ ಮೂರನೇ ಒಂದು ಭಾಗದ ಆಸುಪಾಸು. ಕ್ಷಾರದ ಎರೆ ಭೂಮಿಯಲ್ಲಿ ಉಳಿದುದರ ದೊಡ್ಡ ಪಾಲು ಅಮೋನಿಯಾ ಆಗಿ ಹಾರಿಹೋಗುತ್ತದೆ, ಇನ್ನಷ್ಟು ಬಸಿದು ಹಳ್ಳ ಸೇರುತ್ತದೆ, ಸ್ವಲ್ಪ ಭಾಗ ಇಂಗಾಲದ ಡೈಆಕ್ಸೈಡ್‌ಗಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಭೂಮಿಯನ್ನು ಬಿಸಿಮಾಡಬಲ್ಲ ನೈಟ್ರಸ್ ಆಕ್ಸೈಡ್ ಆಗುತ್ತದೆ. ಸೋನಾ ಮಸೂರಿ ಎಂದು ನಾವು ಕರೆಯುವ ಬಿಪಿಟಿ 5204 ತಳಿಗೆ ಮೊದಲೇ ಬೆಂಕಿ ರೋಗದ ಕಾಟ ಹೆಚ್ಚು. ಯೂರಿಯಾ ಹೆಚ್ಚಾದಷ್ಟೂ ಆ ರೋಗವೂ ಕಂದು ಜಿಗಿಹುಳುವೂ ಏರುತ್ತವೆ, ಅವುಗಳ ಔಷಧಕ್ಕೆ ಹೋಗುವ ಹಣ ಯೂರಿಯಾದ ಹಣಕ್ಕಿಂತ ಎಷ್ಟೋ ಹೆಚ್ಚು. ಅರ್ಧ ಚೀಲ ಕಡಿಮೆಯಾದರೂ ಅದರ ಬೆಲೆ ಅರ್ಧ ಚೀಲದ ಬೆಲೆಯಷ್ಟೇ ಅಲ್ಲವೆಂಬುದು ಇದರಿಂದ ತಿಳಿಯುತ್ತದೆ. ಹೀಗಾಗಿ ಇದು ಸಾರ್ವಜನಿಕ ಹಣದಲ್ಲಿ, ಸಾರ್ವಜನಿಕ ಸಂಸ್ಥೆಯಿಂದ, ಕಡಿಮೆ ಬೆಲೆಗೆ ಆಗಬೇಕಾದ ಕೆಲಸ.

ಇಲ್ಲೊಂದು ತೊಡಕಿದೆ, ಪರೀಕ್ಷೆಯ ವಿನ್ಯಾಸವೆಲ್ಲ ಅದರ ಮೇಲೆ ನಿಂತಿದೆ. ಒಂದು ಸಾರಜನಕ ಅಣುವನ್ನು ಅಮೋನಿಯಾ ಮಾಡಲು ಬ್ಯಾಕ್ಟೀರಿಯಾಕ್ಕೆ ಜೀವಕೋಶದಲ್ಲಿ ಶಕ್ತಿಯನ್ನು ಹೊತ್ತು ತರುವ ಎಟಿಪಿ ಎಂಬ ಅಣುಗಳು ಕನಿಷ್ಠ 16 ಬೇಕು, ಆ ಶಕ್ತಿಯೆಲ್ಲ ಗಿಡ ಕೊಡುವ ಸಕ್ಕರೆಯಿಂದಲೇ ಬರಬೇಕು. ಇಷ್ಟು ದುಬಾರಿ ಕೆಲಸವನ್ನು ಸುತ್ತ ಅಮೋನಿಯಾ ಧಾರಾಳವಾಗಿರುವಾಗ ಸಾಮಾನ್ಯವಾಗಿ ಯಾವ ಜೀವಿಯೂ ಮಾಡುವುದಿಲ್ಲ. ಆಗ ಬಹುತೇಕ ಬ್ಯಾಕ್ಟೀರಿಯಾಗಳು ನೈಟ್ರೋಜಿನೇಸ್ ತಯಾರಿಕೆಯನ್ನೇ ನಿಲ್ಲಿಸುತ್ತವೆ. ಮನೆಯಲ್ಲಿ ಉಚಿತ ಊಟ ಸಿಗುತ್ತಿದ್ದರೆ ಪಾಲಿನ ಹೊಲಕ್ಕೆ ಇಳಿಯದ ದುಡಿಮೆಗಾರನ ಹಾಗೆ ಅವು ಗಿಡದ ಸಕ್ಕರೆ ತಿಂದುಕೊಂಡು ಸುಮ್ಮನಿರುತ್ತವೆ. ಪೂರ್ಣ ಪ್ರಮಾಣದ ಯೂರಿಯಾ ಹಾಕಿದ ಗದ್ದೆಯಲ್ಲಿ ಬಾಟಲಿ ಹೊಡೆದು, ಪಕ್ಕದ ಗದ್ದೆಗಿಂತ ಪೈರು ಹಸಿರಾಗಿದೆ ಎಂದು ತೋರಿಸುವ ಪ್ರಾತ್ಯಕ್ಷಿಕೆಯಿಂದ ಸಾರಜನಕ ಸ್ಥಿರೀಕರಣದ, ಅಂದರೆ ಗಾಳಿಯ ಸಾರಜನಕ ಹಿಡಿಯುವ ಕೆಲಸದ ಬಗ್ಗೆ ಏನೂ ತಿಳಿಯದಿರುವುದು ಇದೇ ಕಾರಣಕ್ಕೆ.

ಹಾಗೆಂದು ಆ ಹಸಿರು ಸುಳ್ಳೆಂದೂ ಹೇಳುವಂತಿಲ್ಲ. ಇವುಗಳಲ್ಲಿ ಹಲವು ಬೇರನ್ನು ಬೆಳೆಸುವ ಇಂಡೋಲ್ ಅಸಿಟಿಕ್ ಆಮ್ಲವನ್ನು ಸ್ರವಿಸುತ್ತವೆ, ಮಣ್ಣಿನಲ್ಲಿ ಹಿಡಿದುಕೊಂಡ ರಂಜಕವನ್ನು ಕರಗಿಸುತ್ತವೆ, ಕಬ್ಬಿಣವನ್ನು ಗಿಡಕ್ಕೆ ದೊರಕಿಸುತ್ತವೆ, ಒತ್ತಡಕ್ಕೆ ಸಿಕ್ಕ ಗಿಡದಲ್ಲಿ ಏರುವ ಎಥಿಲೀನ್ ಹಾರ್ಮೋನನ್ನು ತಗ್ಗಿಸುತ್ತವೆ. ಈಜಿಪ್ಟಿನ ನೈಲ್ ನದಿಯ ಮುಖಜ ಭೂಮಿಯಲ್ಲಿ ಏಳು ಶತಮಾನಗಳಿಗೂ ಹೆಚ್ಚು ಕಾಲದಿಂದ ಭತ್ತವನ್ನೂ ಬರ್ಸೀಮ್ ಎಂಬ ಮೇವಿನ ಬೆಳೆಯನ್ನೂ ಸರದಿಯಲ್ಲಿ ಬೆಳೆಯುತ್ತಾರೆ. ಬರ್ಸೀಮ್‌ನ ಬೇರುಗಂಟಿನಲ್ಲಿರಬೇಕಾದ ರೈಜೋಬಿಯಂ ಅಲ್ಲಿನ ಭತ್ತದ ಬೇರಿನೊಳಗೂ ಸಹಜವಾಗಿ ನೆಲೆಸಿರುವುದನ್ನು ವಿಜ್ಞಾನಿಗಳು 1997ರಲ್ಲಿ ವರದಿ ಮಾಡಿದರು. ಅದನ್ನು ಭತ್ತಕ್ಕೆ ಸೇರಿಸಿದಾಗ ಇಳುವರಿ ಹೆಚ್ಚಿತಾದರೂ ಆ ಹೆಚ್ಚಳದ ಮುಖ್ಯ ಕಾರಣ ಬೇರು ಚೆನ್ನಾಗಿ ಹರಡಿ ಮಣ್ಣಿನಲ್ಲಿದ್ದ ಪೋಷಕಾಂಶವನ್ನು ಹೆಚ್ಚು ಹೀರಿದ್ದೇ ಹೊರತು ಗಾಳಿಯ ಸಾರಜನಕವಾಗಿರಲಿಲ್ಲ. ರೈತನಿಗೆ ಇಳುವರಿ ಬಂದರೆ ಸಾಕು, ಕಾರಣ ಯಾವುದಾದರೇನು ಎನ್ನಬಹುದು. ಆದರೆ ಬೇರು ಹೆಚ್ಚು ಹೀರಿದ್ದರಿಂದ ಬಂದ ಲಾಭವನ್ನು ಗಾಳಿಯಿಂದ ಬಂದುದೆಂದು ತಿಳಿದು ವರ್ಷ ವರ್ಷವೂ ಯೂರಿಯಾ ಕಡಿಮೆ ಮಾಡುತ್ತ ಹೋದರೆ ಮಣ್ಣಿನಲ್ಲಿದ್ದ ಸಾರಜನಕವೇ ಖಾಲಿಯಾಗುತ್ತದೆ, ಅದರ ಪರಿಣಾಮ ಮೊದಲ ವರ್ಷ ಕಾಣುವುದೂ ಇಲ್ಲ.

ನೈಲ್ ನದಿಯ ಈ ಕಥೆಯಲ್ಲಿ ನಮಗೆ ಇನ್ನೊಂದು ಸೂಚನೆಯೂ ಇದೆ. ನಮ್ಮ ಅಚ್ಚುಕಟ್ಟಿನಲ್ಲಿ ಭತ್ತದ ಮೇಲೆ ಭತ್ತ ಬೆಳೆಯುವುದೇ ರೂಢಿ. ಆದರೂ ಎರಡನೇ ಬೆಳೆಗೆ ನೀರು ಸಿಗದ ಕೊನೆಯ ಭಾಗದ ಗದ್ದೆಗಳಲ್ಲಿ ಕಡಲೆ, ಹೆಸರು ಬಿತ್ತುವವರಿದ್ದಾರೆ, ನಾಟಿಗೆ ಮೊದಲು ಡಯಾಂಚ ಬೆಳೆಸಿ ಮಣ್ಣಿಗೆ ಸೇರಿಸುವವರಿದ್ದಾರೆ. ಅಂಥ ಗದ್ದೆಗಳ ಭತ್ತದ ಬೇರಿನಲ್ಲಿ ಯಾವ ಬ್ಯಾಕ್ಟೀರಿಯಾಗಳಿವೆ ಎಂದು ನೋಡಿದರೆ, ಈ ಮಣ್ಣಿಗೂ ಈ ಉಷ್ಣತೆಗೂ ಹೊಂದಿಕೊಂಡ ಬ್ಯಾಕ್ಟೀರಿಯಾ ತಳಿಗಳು ಮಾನ್ವಿಯಲ್ಲೋ ಸಿರುಗುಪ್ಪದಲ್ಲೋ ಸಿಗಬಹುದು.

ಉಪ್ಪು ಹಿಡಿದ ಸವಳು ಭೂಮಿಯ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಲು ತಮ್ಮ ಅನುಮತಿ ಬೇಡುತ್ತೇನೆ. ತುಂಗಭದ್ರಾ ಯೋಜನೆಯ ಮೂಲ ಲೆಕ್ಕಾಚಾರದಲ್ಲಿ ಬಹುಪಾಲು ಜಮೀನು ಜೋಳ, ಹತ್ತಿ, ಶೇಂಗಾದಂಥ ಅರೆ ಖುಷ್ಕಿ ಬೆಳೆಗಳಿಗೆ ಮೀಸಲಾಗಿತ್ತು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿ, ನೀರು ಬಸಿದು ಹೋಗದ ಎರೆ ಭೂಮಿಯಲ್ಲಿ ನಿಂತು, ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಸಾವಿರಾರು ಎಕರೆ ಜವಳಾಗಿ ಸವಳಾಯಿತು. ಗಂಗಾವತಿಯ ಸಂಶೋಧನಾ ಕೇಂದ್ರ ಈ ಸಮಸ್ಯೆಯ ಮೇಲೆ ದೀರ್ಘ ಕಾಲದಿಂದ ದುಡಿಯುತ್ತಿದೆ. ಅಂತರ್ವಾಸಿಗಳ ಚರಿತ್ರೆಯಲ್ಲಿಯೂ ಇಂಥದೇ ಒಂದು ನೆಲವಿದೆ. ಪಾಕಿಸ್ತಾನದ ಪಂಜಾಬಿನ ಸವಳು ಭೂಮಿಯಲ್ಲಿ ಗೊಬ್ಬರದ ಹಂಗಿಲ್ಲದೆ ಬೆಳೆಯುವ ಕಲ್ಲರ್ ಹುಲ್ಲಿನ ಬೇರಿನೊಳಗಿಂದ 1980ರ ದಶಕದಲ್ಲಿ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಲಾಯಿತು, 1993ರಲ್ಲಿ ಅವುಗಳಿಗೆ ಅಜೋಆರ್ಕಸ್ ಎಂಬ ಹೆಸರು ಬಂತು. ಅದೇ ಗುಂಪಿನ ಒಂದು ತಳಿ ಭತ್ತದ ಬೇರಿನೊಳಗೂ ಪ್ರವೇಶಿಸಿ ನೆಲೆಸುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಖಚಿತವಾಗಿದೆ. ಆ ಹುಲ್ಲು ನಮ್ಮ ದೇಶಕ್ಕೂ ಹೊಸದಲ್ಲ, ಹರಿಯಾಣದ ಕರ್ನಾಲ್‌ನಲ್ಲಿ ಸವಳು ಸುಧಾರಣೆಗಾಗಿ ಬೆಳೆಸಿ, ಕರ್ನಾಲ್ ಹುಲ್ಲೆಂದೇ ಕರೆದಿದ್ದಾರೆ. ಸವಳಿನಲ್ಲಿ ಪೈರಿನ ಬೇರು ಮೊಟಕಾಗುತ್ತದೆ, ಎಥಿಲೀನ್ ಏರುತ್ತದೆ, ಹಾಕಿದ ಯೂರಿಯಾ ಬೇಗ ಹಾರಿಹೋಗುತ್ತದೆ. ಈ ಮೂರೂ ಕಡೆ ಬ್ಯಾಕ್ಟೀರಿಯಾ ನೆರವಾಗುವ ಸಾಧ್ಯತೆ ಇರುವುದರಿಂದ, ಒಳ್ಳೆಯ ಗದ್ದೆಯಲ್ಲಿ ಕಾಣದ ಫಲ ಸವಳು ಗದ್ದೆಯಲ್ಲಿ ಕಂಡರೆ ನನಗೆ ಆಶ್ಚರ್ಯವಾಗದು. ಬಸಿಗಾಲುವೆ ತೋಡದೆ ಬ್ಯಾಕ್ಟೀರಿಯಾದಿಂದಲೇ ಸವಳು ಹೋಗುತ್ತದೆಂದು ನಾನು ಹೇಳುತ್ತಿಲ್ಲ, ಹಾಗೆ ಯಾರೂ ಹೇಳಬಾರದು ಕೂಡ.

ಆದ್ದರಿಂದ ನನ್ನ ಮೊದಲ ಕೋರಿಕೆ ಇದು. ಗಂಗಾವತಿ, ಢಡೇಸುಗೂರು, ಸಿರುಗುಪ್ಪದ ಕೇಂದ್ರಗಳಲ್ಲಿಯೂ ಅವುಗಳ ಸುತ್ತಲಿನ ರೈತರ ಹೊಲಗಳಲ್ಲಿಯೂ ಒಂದೇ ವಿನ್ಯಾಸದ ತಾಕುಗಳನ್ನು ಕನಿಷ್ಠ ಮೂರು ವರ್ಷ ನಡೆಸಬೇಕು. ಪ್ರತಿ ಜಾಗದಲ್ಲಿಯೂ ಯೂರಿಯಾ ಇಲ್ಲದ, ಅರ್ಧ ಹಾಕಿದ, ಮುಕ್ಕಾಲು ಹಾಕಿದ, ಪೂರ್ತಿ ಹಾಕಿದ ತಾಕುಗಳಿದ್ದು, ಒಂದೊಂದನ್ನೂ ಬ್ಯಾಕ್ಟೀರಿಯಾ ಸಹಿತವಾಗಿಯೂ ರಹಿತವಾಗಿಯೂ ನೋಡಬೇಕು. ಜೊತೆಗೆ ಶಾಖದಿಂದ ಕೊಂದ ಅದೇ ದ್ರಾವಣವನ್ನು ಹಾಕಿದ ತಾಕೊಂದು ಇರಲೇಬೇಕು, ಏಕೆಂದರೆ ಬ್ಯಾಕ್ಟೀರಿಯಾ ಬೆಳೆಸಿದ ದ್ರಾವಣದಲ್ಲಿಯೇ ಪೋಷಕಾಂಶ, ಹಾರ್ಮೋನುಗಳಿದ್ದು ಅವು ಪೈರನ್ನು ಹಸಿರು ಮಾಡಬಲ್ಲವು. ಗಾಳಿಯ ಸಾರಜನಕ ನಿಜವಾಗಿ ಎಷ್ಟು ಬಂತೆಂಬುದನ್ನು ಎಲೆಯ ಬಣ್ಣ ನೋಡಿ ಹೇಳಲಾಗದು. ಸಾರಜನಕ 15 ಎಂಬ, ಸಾಮಾನ್ಯ ಸಾರಜನಕಕ್ಕಿಂತ ಭಾರವಾದ ಅದರದೇ ರೂಪದ (ಐಸೊಟೋಪ್) ವಿಧಾನದಿಂದಲೇ ಅಳೆಯಬೇಕು. ಬಹುಕಾಲದಿಂದ ಬಳಕೆಯಲ್ಲಿರುವ ಅಸಿಟಿಲೀನ್ ಪರೀಕ್ಷೆ ಕಿಣ್ವ ಆ ಹೊತ್ತಿನಲ್ಲಿ ಚುರುಕಾಗಿದೆಯೇ ಎಂಬುದನ್ನಷ್ಟೇ ತೋರಿಸುತ್ತದೆ, ಇಡೀ ಹಂಗಾಮಿನ ಲೆಕ್ಕಕ್ಕೆ ಅದು ಸಾಲದು. ನಾಟಿ ಭತ್ತವನ್ನೂ ಕೂರಿಗೆ ಭತ್ತವನ್ನೂ ಬೇರೆಬೇರೆಯಾಗಿ ಪರೀಕ್ಷಿಸುವುದು ಅಗತ್ಯ. ನಾಟಿಯಲ್ಲಿ ಸಸಿ ಕೀಳುವಾಗ ಬೇರು ಹರಿದು ಬ್ಯಾಕ್ಟೀರಿಯಾ ಒಳಹೋಗಲು ದಾರಿಯಾಗುತ್ತದೆ, ಬೇರನ್ನು ದ್ರಾವಣದಲ್ಲಿ ಅದ್ದಲೂ ಸುಲಭ. ಕೂರಿಗೆಯಲ್ಲಿ ಬಿತ್ತಿದ ಬೀಜಕ್ಕೆ ಆ ಅನುಕೂಲವಿಲ್ಲ. ಫಲಿತಾಂಶ ಶೂನ್ಯವಾಗಿದ್ದರೆ ಅದನ್ನೂ ಕನ್ನಡದಲ್ಲಿ, ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೆ, ಹಂಗಾಮು ಮುಗಿದ ಕೂಡಲೇ ಪ್ರಕಟಿಸಬೇಕೆಂದು ಕೋರುತ್ತೇನೆ.

ಎರಡನೆಯದು ಪೈರಿನ ತಳಿಯ ಮಾತು. ಬ್ರೆಜಿಲ್‌ನ ಕೆಲವು ಕಬ್ಬಿನ ತಳಿಗಳು ತಮ್ಮ ಸಾರಜನಕದ ಅರ್ಧದಷ್ಟನ್ನು ಗಾಳಿಯಿಂದ ಪಡೆಯುತ್ತವೆಂದು ಅಲ್ಲಿನ ಐಸೊಟೋಪ್ ಅಧ್ಯಯನಗಳು ತೋರಿಸಿದವು, ಬೇರೆ ದೇಶಗಳಲ್ಲಿ ಅಷ್ಟು ಕಾಣಲಿಲ್ಲ. ಬ್ರೆಜಿಲ್‌ನಲ್ಲಿ ದಶಕಗಳ ಕಾಲ ಕಬ್ಬಿನ ತಳಿಗಳನ್ನು ಆರಿಸಿದ್ದು ಕಡಿಮೆ ಸಾರಜನಕ ಗೊಬ್ಬರ ಹಾಕಿದ ನೆಲದಲ್ಲಿ, ಹಾಗಾಗಿ ಬ್ಯಾಕ್ಟೀರಿಯಾಕ್ಕೆ ಆಶ್ರಯ ಕೊಡುವ ತಳಿಗಳು ತಾವಾಗಿಯೇ ಉಳಿದುಕೊಂಡವು ಎಂಬ ವಿವರಣೆಯನ್ನು ಅಲ್ಲಿನ ವಿಜ್ಞಾನಿಗಳು ಕೊಡುತ್ತಾರೆ. ಧಾರಾಳವಾಗಿ ಯೂರಿಯಾ ಹಾಕಿದ ತಾಕಿನಲ್ಲೇ ಪ್ರತಿ ಪೀಳಿಗೆಯನ್ನೂ ಆರಿಸುತ್ತ ಬಂದರೆ ಈ ಗುಣ ಇದ್ದರೂ ಕಳೆದುಹೋಗುತ್ತದೆ, ಕಳೆದುಹೋದದ್ದು ಯಾರಿಗೂ ತಿಳಿಯುವುದಿಲ್ಲ. ಭತ್ತದ ತಳಿ ಅಭಿವೃದ್ಧಿಯಲ್ಲಿ ಕಡಿಮೆ ಸಾರಜನಕದ ತಾಕೊಂದನ್ನು ಆಯ್ಕೆಯ ಭಾಗವಾಗಿಸಲು ಹೆಚ್ಚು ಖರ್ಚು ಬೇಕಿಲ್ಲ, ನಿರ್ಧಾರ ಬೇಕು.

ಜಂಟಿ ನಿರ್ದೇಶಕರಲ್ಲಿ ನನ್ನ ಕೋರಿಕೆ ಪೊಟ್ಟಣಗಳಿಗೆ ಸಂಬಂಧಿಸಿದ್ದು. 1985ರ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಜೈವಿಕ ಗೊಬ್ಬರಗಳು 2006ರಲ್ಲಿ ಬಂದವು. ಅಜೋಸ್ಪಿರಿಲಮ್‌ನಂಥ ಬ್ಯಾಕ್ಟೀರಿಯಾ ಪುಡಿಯಾಗಿದ್ದರೆ ಗ್ರಾಮಿಗೆ 5 ಕೋಟಿ, ದ್ರವವಾಗಿದ್ದರೆ ಮಿಲಿಲೀಟರಿಗೆ 10 ಕೋಟಿ ಜೀವಂತ ಕೋಶಗಳು ಕನಿಷ್ಠ ಇರಬೇಕೆಂದು ಆ ಆದೇಶ ಹೇಳುತ್ತದೆ. ಕಾರ್ಖಾನೆಯಿಂದ ಹೊರಡುವಾಗ ಇದ್ದ ಈ ಸಂಖ್ಯೆ, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ರಾಯಚೂರಿನ ಬಿಸಿಲಿನಲ್ಲಿ, ತಗಡಿನ ಛಾವಣಿಯ ಅಂಗಡಿಯಲ್ಲಿ, ಕೀಟನಾಶಕಗಳ ಡಬ್ಬಿಗಳ ಪಕ್ಕದಲ್ಲಿ ವಾರಗಟ್ಟಲೆ ಕುಳಿತ ಮೇಲೆ ಎಷ್ಟು ಉಳಿದಿರುತ್ತದೆ? ಆದ್ದರಿಂದ ಮಾದರಿಯನ್ನು ಕಾರ್ಖಾನೆಯಲ್ಲಿ ತೆಗೆದರೆ ಸಾಲದು, ಬಿತ್ತನೆಯ ವಾರದಲ್ಲಿ ಮಾರಾಟದ ಸ್ಥಳದಲ್ಲೇ ತೆಗೆದು ಎಣಿಸಬೇಕು, ಎಣಿಕೆಯನ್ನು ಬಹಿರಂಗಪಡಿಸಬೇಕು. ಶಿಲೀಂಧ್ರನಾಶಕದಿಂದ ಬೀಜೋಪಚಾರ ಮಾಡುವ ರೈತ ಬ್ಯಾಕ್ಟೀರಿಯಾವನ್ನೂ ಅದರ ಜೊತೆಯಲ್ಲೇ ಬೆರೆಸಿ ಕೊಲ್ಲದಂತೆ, ಮೊದಲು ಯಾವುದು, ಅದಾದ ಎಷ್ಟು ಹೊತ್ತಿಗೆ ಯಾವುದು ಎಂಬುದನ್ನು ಪೊಟ್ಟಣದ ಮೇಲೆ ದೊಡ್ಡ ಕನ್ನಡ ಅಕ್ಷರಗಳಲ್ಲಿ ಮುದ್ರಿಸಬೇಕು. ಎಷ್ಟು ಯೂರಿಯಾ ಕಡಿಮೆ ಮಾಡಬಹುದೆಂಬ ಹೇಳಿಕೆಯನ್ನು, ಮೇಲೆ ಹೇಳಿದಂಥ ಪರೀಕ್ಷೆಯ ಆಧಾರವಿಲ್ಲದೆ, ಲೇಬಲ್ಲಿನ ಮೇಲಾಗಲಿ ಅಂಗಡಿಯ ಕರಪತ್ರದಲ್ಲಾಗಲಿ ಬಳಸಲು ಬಿಡಬಾರದು. ಇಲಾಖೆಯೇ ಇವುಗಳನ್ನು ಖರೀದಿಸಿ ಸಹಾಯಧನದಲ್ಲಿ ಹಂಚುವ ಆಲೋಚನೆ ಇದ್ದಲ್ಲಿ ಆ ಹಣದ ಒಂದು ಪಾಲು ಮೊದಲು ತಾಕುಗಳಿಗೆ ಹೋಗಲಿ.

ಕೊನೆಯದಾಗಿ ಒಂದು ವ್ಯವಹಾರದ ಮಾತು. ಯೂರಿಯಾ ಹಾಕದ ತಾಕಿಗೆ ಜಮೀನು ಕೊಡುವ ರೈತ ಇಳುವರಿ ಕಳೆದುಕೊಳ್ಳುವುದು ಖಚಿತ, ನಮ್ಮಲ್ಲಿ ಅನೇಕರು ಲೀಜಿಗೆ ಹಿಡಿದ ಜಮೀನಿನಲ್ಲಿ ಉಳುವವರಾದ್ದರಿಂದ ಆ ನಷ್ಟವನ್ನು ಅವರು ತಾಳಲಾರರು. ಪಕ್ಕದ ಪೂರ್ಣ ಗೊಬ್ಬರದ ತಾಕಿನ ಇಳುವರಿಗೆ ಹೋಲಿಸಿ ಬಂದ ವ್ಯತ್ಯಾಸವನ್ನು ಭತ್ತದ ಬೆಂಬಲ ಬೆಲೆಯಲ್ಲಿ ತುಂಬಿಕೊಡುವ ಲಿಖಿತ ಒಪ್ಪಂದವಿದ್ದರೆ ಪ್ರತಿ ವಿತರಣಾ ಕಾಲುವೆಯಲ್ಲಿಯೂ ಮುಂದೆ ಬರುವ ರೈತರು ಸಿಗುತ್ತಾರೆ. ಸವಳು ಹಿಡಿದ ಅಂಚಿನ ಗದ್ದೆಯೂ ಚೆನ್ನಾಗಿರುವ ಮೇಲಿನ ಗದ್ದೆಯೂ ಎರಡೂ ನನ್ನಲ್ಲಿ ಇರುವುದರಿಂದ ಒಂದೊಂದರಲ್ಲಿ ಅರ್ಧ ಎಕರೆಯನ್ನು ಮೂರು ವರ್ಷದ ಮಟ್ಟಿಗೆ ಬಿಟ್ಟುಕೊಡಲು ಸಿದ್ಧನಿದ್ದೇನೆ. ಮುಂದಿನ ಮುಂಗಾರಿಗೆ ಕಾಲುವೆಗೆ ನೀರು ಬಿಡುವ ಮೊದಲು ಮಣ್ಣಿನ ಮಾದರಿ ತೆಗೆಯಬೇಕಾಗುವುದರಿಂದ ಬೇಸಿಗೆಯೊಳಗೆ ತಮ್ಮ ಉತ್ತರ ಬಂದರೆ ಅನುಕೂಲವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಸಿಂಧನೂರು ತಾಲ್ಲೂಕಿನ ಒಬ್ಬ ಭತ್ತದ ಬೆಳೆಗಾರ